ಕಾಠ್ಮಂಡುವಿನಲ್ಲಿ ‘ಬೆಟ್ಟದ ಹೂವು’

ಬೆಂಗಳೂರಿನ ದಕ್ಷಿಣ ದಿಕ್ಕಿನ ಹುಡುಗರಿಗೆ ಮೋಜಿಗೇನು ಬರ? ಜೇಬಿನಲ್ಲಿ ಕಾಸಿಲ್ಲದಿದ್ದರೂ ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿ ಸಾಲಿನಲ್ಲಿ ಎರಡು ಗಂಟೆ ಸುತ್ತಬಹುದು. ರಾಗಿಗುಡ್ಡದ ಆಂಜನೇಯನ ಮೆಟ್ಟಿಲ ಮೇಲೆ ಕೂತು ಸಂಜೆಗಾಳಿ ಕುಡಿಯಬಹುದು. ಬನಶಂಕರಿ ಅಮ್ಮನ ಗುಡಿಯಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚೋರ ಸಾಲು ನೋಡುವುದೇ ಒಂದು ಸೊಗಸು. ನಾಟಕದ ಹುಚ್ಚಿದ್ದವರಿಗೆ ಜೆ.ಪಿ. ನಗರದ ರಂಗಶಂಕರ ಇದೆ. ನಮ್ಮ ಶಂಕರ್‌ನಾಗ್ ನೆನಪಿಗೆ 2004ರಲ್ಲಿ ಬಾಗಿಲು ತೆರೆದ ರಂಗಮಂದಿರ ಅದು. ಪುಟ್ಟಣ್ಣ ಕಣಗಾಲರ ಹೆಸರಿನ ಟಾಕೀಸು ಮಾತ್ರ ನಾಲ್ಕನೇ ಬ್ಲಾಕಿನಿಂದ ಮಾಯವಾಗಿದೆ. ನಂದಾ ಟಾಕೀಸೂ ಹೋಯಿತು. ಆದರೂ ಆ ಕಡೆಯ ಜನ ಇವತ್ತಿಗೂ ದಾರಿ ಹೇಳುವುದು ‘ನಂದಾ ಟಾಕೀಸ್ ಹತ್ರ’ ಅಂತಲೇ!

ಬಿ.ಟಿ.ಎಂ. ಲೇಔಟಿಗೆ ಬಂದರೆ ಸಂಜೆ ಹೊತ್ತು ಮೂಗಿಗೆ ಮೊದಲು ಬಡಿಯುವುದು ಮೋಮೋ ಬೇಯುವ ಹಬೆ. ತಳ್ಳುಗಾಡಿಯ ಹಿಂದೆ ನಿಂತ ಹುಡುಗರಲ್ಲಿ ನೇಪಾಳದವರೂ ಬೇಕಾದಷ್ಟು ಮಂದಿ. ಕೆಂಪು ಚಟ್ನಿಗೆ ಅದ್ದಿ ಬಾಯಿಗೆ ಹಾಕಿಕೊಳ್ಳುವಾಗ ಅವರ ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿದವರು ಎಷ್ಟು ಮಂದಿ? ನಾನು ಕೇಳುತ್ತೇನೆ. ಕಾರಣ, 2015ರಲ್ಲಿ ಮೂರು ತಿಂಗಳು ನಾನು ಅವರ ದೇಶದ ಅನ್ನ ಉಂಡವನು.

ಆ ವರ್ಷ ಏಪ್ರಿಲ್ 25ರಂದು ನೇಪಾಳದ ನೆಲ ನಡುಗಿತು. 7.8ರ ಪ್ರಮಾಣದ ಭೂಕಂಪ, ಸುಮಾರು 9,000 ಜನರ ಬಲಿ. ಅಂದು ಶನಿವಾರ, ಆ ದೇಶದಲ್ಲಿ ಅದೇ ವಾರದ ರಜೆ. ಇಸ್ಕೂಲುಗಳಿಗೆ ಬೀಗ ಬಿದ್ದಿದ್ದರಿಂದ ಸಾವಿರಾರು ಮಕ್ಕಳು ಬದುಕಿಕೊಂಡವು. ಆಗಸ್ಟ್ ತಿಂಗಳಲ್ಲಿ ಯಶವಂತಪುರದಿಂದ ಗೋರಖಪುರದ ರೈಲು ಹತ್ತಿದೆ. ಅಲ್ಲಿಂದ ಸೋನೌಲಿ ಗಡಿ, ಮುಂದೆ ಬೆಟ್ಟ ಸುತ್ತುವ ಬಸ್ಸು. ಕಾಠ್ಮಂಡುವಿನ ಮಗ್ಗುಲಲ್ಲೇ ಇರುವ ಲಲಿತಪುರದ ಒಂದು ಅನಾಥ ಮಕ್ಕಳ ಮನೆಯಲ್ಲಿ ನನ್ನ ಬಿಡಾರ. ಕೆಲಸ ಏನೆಂದು ಕೇಳಿದಿರಾ? ಅಕ್ಕಿ ಮೂಟೆ ಹೊರುವುದು, ಲೆಕ್ಕ ಹೇಳಿಕೊಡುವುದು, ಮೂಗು ಒರೆಸುವುದು. ಮಕ್ಕಳು ನನ್ನನ್ನು ‘ದಾಯಿ’ ಎಂದು ಕರೆಯುತ್ತಿದ್ದವು. ದಾಯಿ ಅಂದರೆ ಅಣ್ಣ.

ಸೆಪ್ಟೆಂಬರ್ ಕೊನೆಗೆ ಗಡಿಯಲ್ಲಿ ಲಾರಿಗಳು ನಿಂತುಬಿಟ್ಟವು. ಗ್ಯಾಸಿಲ್ಲ, ಪೆಟ್ರೋಲಿಲ್ಲ. ಸೌದೆ ಒಲೆಯಲ್ಲಿ ಅಡುಗೆ. ಇಂಡಿಯಾ ಮೇಲೆ ಜನಕ್ಕೆ ಸಿಟ್ಟು. ಕೇಬಲ್‌ನವರು ನಮ್ಮ ದೇಶದ ಚಾನೆಲ್ಲುಗಳನ್ನೇ ಕಿತ್ತುಹಾಕಿದರು. ಹಿಂದಿ ಸಿನಿಮಾ ಹಾಡು ಕೇಳದೆ ನಿದ್ದೆ ಮಾಡದ ಮಕ್ಕಳು! ಟೀವಿ ಮೂಕವಾದ ಮೇಲೆ ಮನೆಯ ಮೋಜೆಲ್ಲ ಕೈಯಲ್ಲಿ ಮಾಡಿಕೊಳ್ಳುವ ಮೋಜಾಯಿತು. ಕೇರಂ ಬೋರ್ಡಿಗೆ ಪೌಡರ್ ಇಲ್ಲವೆಂದು ಅಕ್ಕಿಹಿಟ್ಟು ಉದುರಿಸಿದರು. ದಸೈಂ ಬಂತು, ಅಂದರೆ ನಮ್ಮ ದಸರಾ. ಆ ದಿನಗಳಲ್ಲಿ ಕಾಠ್ಮಂಡುವಿನ ಆಕಾಶ ನೋಡಬೇಕು, ಬರೀ ಗಾಳಿಪಟ! ಎದುರಾಳಿಯ ದಾರ ಕತ್ತರಿಸಿದರೆ ‘ಚಂಗಾ ಚೇತ್!’ ಎಂದು ಕೇರಿಯೆಲ್ಲ ಕೂಗು. ಎತ್ತರದ ಬಿದಿರು ನೆಟ್ಟು ಕಟ್ಟಿದ ಉಯ್ಯಾಲೆ. ಹಬ್ಬದಲ್ಲಿ ಒಮ್ಮೆಯಾದರೂ ಕಾಲು ನೆಲ ಬಿಡಬೇಕು ಅನ್ನುವುದು ಅವರ ನಂಬಿಕೆ.

ರಾತ್ರಿಗೆ ಮಾತ್ರ ನಾನೇ ಟಾಕೀಸು! ನನ್ನ ಹರಕು ಹಿಂದಿಯಲ್ಲಿ ಕನ್ನಡ ಪಿಕ್ಚರ್ ಕಥೆ ಹೇಳುವುದು. ಫೈಟಿನ ‘ಢಿಶುಂ ಢಿಶುಂ’ ಮಕ್ಕಳ ಪಾಲಿಗೆ. ‘ಭಕ್ತ ಪ್ರಹ್ಲಾದ’ದ ಅಣ್ಣಾವ್ರ ಗತ್ತು ಮಾಡಿ ತೋರಿಸಿದಾಗ ಒನ್ಸ್ ಮೋರ್ ಬಿತ್ತು. ಒಂದು ಚಳಿಯ ರಾತ್ರಿ ‘ಬೆಟ್ಟದ ಹೂವು’ ಕಥೆ ಹೇಳಿದೆ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ 1985ರ ಚಿತ್ರ. ನಮ್ಮ ಪುನೀತ್‌ಗೆ ಬಾಲನಟನ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು. ಬೆಟ್ಟದ ಹುಡುಗ ರಾಮು ಹೂವು ಆಯ್ದು ಮಾರಿ, ರಾಮಾಯಣದ ಪುಸ್ತಕ ಕೊಳ್ಳಲು ಕಾಸು ಕೂಡಿಡುತ್ತಾನೆ. ಕೊನೆಗೆ ಪುಸ್ತಕದ ಆಸೆ ನುಂಗಿಕೊಂಡು, ಚಳಿಯಲ್ಲಿ ನಡುಗುವ ಮನೆಯವರಿಗೆ ಕಂಬಳಿ ತರುತ್ತಾನೆ.

ಕಥೆ ಮುಗಿಯಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮೂಲೆಯಲ್ಲಿ ಕೂತಿದ್ದ ಎಂಟು ವರ್ಷದ ಪೋರ ಮೆಲ್ಲಗೆ ಹೇಳಿದ: “ದಾಯಿ, ನಮ್ಮಮ್ಮ ಮನೇಲೇ ಕಂಬಳಿ ನೇಯ್ತಾಳೆ.”

ನೇಯ್ತಿದ್ಲು ಅಲ್ಲ ಗೆಳೆಯರೇ, ನೇಯ್ತಾಳೆ!

ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ‘ತಂದೆ ತಾಯಿ ಇಲ್ಲ’ ಎಂದಿತ್ತು. ಮನೆ ನೋಡಿಕೊಳ್ಳುವ ದೀದಿಗೆ ತಿಳಿಸಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಬಿಡಿಸಿ ಹೇಳಿದರು. ಹುಡುಗನದು ಹುಮ್ಲಾ, ಟಿಬೆಟ್ಟಿನ ಗಡಿಯ ಬಡ ಜಿಲ್ಲೆ. ರಾಜಧಾನಿಗೆ ಅಲ್ಲಿಂದ ರಸ್ತೆಯೇ ಇರಲಿಲ್ಲ. ವಿಮಾನ, ಇಲ್ಲವಾದರೆ ದಿನಗಟ್ಟಲೆ ನಡಿಗೆ. 1996ರಿಂದ 2006ರವರೆಗೆ ನೇಪಾಳದಲ್ಲಿ ಮಾವೋವಾದಿಗಳ ಅಂತರ್ಯುದ್ಧ ನಡೆದಾಗ, ಮಕ್ಕಳನ್ನು ಬಂಡುಕೋರರು ಎಳೆದೊಯ್ದಾರು ಎಂಬ ಹೆದರಿಕೆ ಅಪ್ಪ ಅಮ್ಮಂದಿರಿಗೆ. ಆ ಹೆದರಿಕೆಯನ್ನೇ ದಲ್ಲಾಳಿಗಳು ಬಂಡವಾಳ ಮಾಡಿಕೊಂಡರು. ಪಟ್ಟಣದಲ್ಲಿ ಓದಿಸುತ್ತೇವೆಂದು ದುಡ್ಡು ಕಿತ್ತು, ಮಕ್ಕಳನ್ನು ತಂದು, ಸುಳ್ಳು ಕಾಗದ ಮಾಡಿಸಿ ‘ಅನಾಥ’ ಎಂದು ಸೇರಿಸಿದರು. ಯುದ್ಧ ನಿಂತರೂ ದಂಧೆ ನಿಲ್ಲಲಿಲ್ಲ. ಅನಾಥಾಲಯಗಳು ಹೆಚ್ಚಾಗಿ ಎದ್ದದ್ದೂ ಪ್ರವಾಸಿಗರು ಬರುವ ಕಾಠ್ಮಂಡು, ಪೋಖರಾ, ಚಿತ್ವನ್ ಕಡೆಗೇ. ಕರುಣೆ ಇರುವ ಪರದೇಶಿಗಳು ಬರುತ್ತಾರೆ, ಎರಡು ವಾರ ಆಡಿಸುತ್ತಾರೆ, ಡಾಲರ್ ಕೊಟ್ಟು ಹೋಗುತ್ತಾರೆ. ಅವರು ಬರಬೇಕಾದರೆ ಅನಾಥರು ಇರಬೇಕಲ್ಲ!

ನೇಪಾಳ ಒಂದರದೇ ಕಥೆಯಲ್ಲ ಇದು. ಕಾಂಬೋಡಿಯಾದ ಅನಾಥಾಲಯಗಳ ಮಕ್ಕಳಲ್ಲಿ ನಾಲ್ವರಿಗೆ ಸುಮಾರು ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದಾರೆಂದು 2011ರಲ್ಲಿ ಯುನಿಸೆಫ್ ನೆರವಿನ ಅಧ್ಯಯನವೇ ಹೇಳಿತು. ಆಸ್ಟ್ರೇಲಿಯಾ 2018ರಲ್ಲಿ ಇಂಥ ಸಾಗಣೆಯನ್ನು ಆಧುನಿಕ ಗುಲಾಮಗಿರಿಯ ಲೆಕ್ಕಕ್ಕೇ ಸೇರಿಸಿತು.

ದೀದಿ ಸುಮ್ಮನೆ ಕೂರುವ ಹೆಂಗಸಲ್ಲ. ಹುಮ್ಲಾದ ಕಡೆಯವರನ್ನೆಲ್ಲ ಹಿಡಿದು ವಿಚಾರಿಸಿದರು. ದೀಪಾವಳಿ ಕಳೆದು ವಾರವಾಗಿತ್ತು. ತಾಯಿಯನ್ನು ಫೋನ್ ಸಿಗುವ ಊರಿಗೆ ಯಾರೋ ನಡೆಸಿಕೊಂಡು ಬಂದರು. ಹುಡುಗ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಆ ಕಡೆಯಿಂದ ಹೆಣ್ಣುದನಿ ಒಂದೇ ಸಮ ಮಾತಾಡುತ್ತಿದೆ. ಇವನು ಒಂದಕ್ಷರ ಆಡಲಿಲ್ಲ. ಅವನಿಗೆ ತಾಯಿಯ ಭಾಷೆ ಅರ್ಧ ಮರೆತೇ ಹೋಗಿತ್ತು! ಆದರೂ ಫೋನ್ ಕೆಳಗಿಡಲಿಲ್ಲ. ಮರುವರ್ಷ ಅವನು ಊರಿಗೆ ಹೋದ ಸುದ್ದಿ ಬಂತು.

ಈಗ ನಮ್ಮ ಏರಿಯಾದ ಮಾತಿಗೆ ಬರೋಣ. ಏಪ್ರಿಲ್ 24 ಅಣ್ಣಾವ್ರ ಹುಟ್ಟುಹಬ್ಬ, ಮಾರ್ಚ್ 17 ಅಪ್ಪು ಹುಟ್ಟುಹಬ್ಬ. ಅಭಿಮಾನಿ ಸಂಘದ ಗೆಳೆಯರು ಅನಾಥಾಶ್ರಮಕ್ಕೆ ಹೋಗಿ ಊಟ ಹಾಕಿಸುತ್ತೀರಿ. ಒಳ್ಳೆ ಮನಸ್ಸು, ಎರಡು ಮಾತಿಲ್ಲ. ಆದರೆ ಕೇಕ್ ಕತ್ತರಿಸಿ, ಸೆಲ್ಫಿ ಹೊಡೆದು, ಮತ್ತೆ ಮುಂದಿನ ವರ್ಷ ಮುಖ ತೋರಿಸಿದರೆ ಆ ಮಗುವಿಗೆ ಉಳಿಯುವುದೇನು? ಎತ್ತಿ ಮುದ್ದಾಡಿದವರೆಲ್ಲ ಬಿಟ್ಟೇ ಹೋಗುತ್ತಾರೆ ಅನ್ನುವ ಪಾಠ! ಅಲ್ಲದೆ, ಹಾಗೆ ಆಶ್ರಯದಲ್ಲಿರುವ ಮಕ್ಕಳ ಗುರುತು ಸಿಗುವಂತೆ ಫೋಟೋ ಹಾಕುವುದು 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಅಪರಾಧ.

ಹೋಗುವ ಮುಂಚೆ ವಿಚಾರಿಸಿ: ಆ ಕಾಯಿದೆಯಡಿ ನೋಂದಣಿ ಆಗಿದೆಯೇ? ಮಕ್ಕಳ ಮನೆಯವರನ್ನು ಹುಡುಕುವ ಕೆಲಸ ನಡೆಯುತ್ತಿದೆಯೇ? ಒಪ್ಪಿಗೆ ಸಿಕ್ಕರೆ ಭಾನುವಾರಕ್ಕೊಮ್ಮೆ ಹೋಗಿ, ವರ್ಷ ಪೂರ್ತಿ ಹೋಗಿ. ಖರ್ಚೇನೂ ಬೇಡ. ಒಂದು ಕೇರಂ ಬೋರ್ಡು, ಒಂದು ಪಿಕ್ಚರ್ ಕಥೆ ಸಾಕು. ದಾರಿ ತಪ್ಪಿದ ಮಗು ಬಸ್‌ಸ್ಟ್ಯಾಂಡಿನಲ್ಲೇ ಕಣ್ಣಿಗೆ ಬಿದ್ದರೆ 1098ಕ್ಕೆ ಫೋನ್ ಮಾಡಿ. ದುಡ್ಡು ಬೇಡದ ನಂಬರ್ ಅದು.

ಹೀರೋ ಆಗಲು ಎಂಟ್ರಿ ಕೊಟ್ಟರೆ ಸಾಲದು ಗುರೂ, ಇಂಟರ್ವಲ್ ಆದ ಮೇಲೂ ಇರಬೇಕು.