ಮನೆಗೆ ಹೇಳಬೇಡಿ ಆಂಟಿ!

ಮಕ್ಕಳೇ, 2024ರ ಜೂನ್ ತಿಂಗಳ ಧಗೆ ನಿಮಗೂ ನೆನಪಿರಬೇಕು. ಮುಖರ್ಜಿ ನಗರದಲ್ಲಿ, ಬತ್ರಾ ಹತ್ತಿರದ ಜೆರಾಕ್ಸ್ ಅಂಗಡಿಯ ಮುಂದೆ ಕ್ಯೂ ನಿಂತಿದ್ದ ಹುಡುಗಿಯೊಬ್ಬಳು ಕುಸಿದುಬಿದ್ದಳು. ಒಬ್ಬರು ಎತ್ತಿ ಕೂರಿಸಿದರು, ಇನ್ನೊಬ್ಬರು ಬಾಯಿಗೆ ನೀರು ಹಾಕಹೊರಟರು. (ನಮ್ಮೂರಾಗಿದ್ದರೆ ಈರುಳ್ಳಿ ಮೂಸಿಸುತ್ತಿದ್ದರು!) ಎರಡೂ ತಪ್ಪು. ನಾನು ಅವಳನ್ನು ಮಲಗಿಸಿ, ಕಾಲುಗಳನ್ನು ನನ್ನ ತರಕಾರಿ ಚೀಲದ ಮೇಲೆ ಎತ್ತಿಟ್ಟೆ. ಅರೆನಿಮಿಷದಲ್ಲಿ ಕಣ್ಣುಬಿಟ್ಟಳು. ಬೆಳಗಿನಿಂದ ಬರೀ ಚಹಾ ಕುಡಿದಿದ್ದಳಂತೆ. ಮೊದಲ ಮಾತೇ, "ಮನೆಗೆ ಹೇಳಬೇಡಿ ಆಂಟಿ!"

ನಿಂತೇ ಇದ್ದರೆ ರಕ್ತ ಕಾಲಿಗಿಳಿಯುತ್ತದೆ. ಒತ್ತಡ ಕುಸಿದು ಮಿದುಳಿಗೆ ರಕ್ತ ಸಾಲದೆ ಎಚ್ಚರ ತಪ್ಪುತ್ತದೆ. ನಿಮ್ಮ ವಯಸ್ಸಿನಲ್ಲಿ ಇದೇ ಹೆಚ್ಚು. ಕಣ್ಣು ಕತ್ತಲಿಟ್ಟು ಬೆವರೊಡೆದರೆ ನಾಚಿಕೆ ಬಿಟ್ಟು ನೆಲದಲ್ಲೇ ಮಲಗಿಬಿಡಿ.

ಆದರೆ ಓಡುವಾಗ, ಆಡುವಾಗ ಬಿದ್ದರೆ ಅದು ಹೃದಯದ ತೊಂದರೆಯೂ ಇರಬಹುದು. ಇ.ಸಿ.ಜಿ. ಮಾಡಿಸಲೇಬೇಕು. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದಾರೆಯೇ ಎಂದು ಡಾಕ್ಟರು ಕೇಳುತ್ತಾರೆ. ಅದಕ್ಕೆ ಉತ್ತರ ಊರಿನ ಅಜ್ಜಿಯ ಬಳಿಯೇ ಇರುವುದು. ಫೋನು ಮಾಡಿ ಕೇಳಿ, ಕನ್ನಡದಲ್ಲೇ. ಅವರಿಗೆ ಹಿಂದಿ ಬಾರದು.

ಆ ಹುಡುಗಿಗೆ ನಿಂಬೆ ಪಾನಕ ಕುಡಿಸಿ, ಪಕ್ಕದಲ್ಲೇ ಕೂತು ಅವಳಮ್ಮನಿಗೆ ಫೋನು ಮಾಡಿಸಿದೆ.