ಹೊತ್ತ ದೋಣಿಯ ಋಣ

ಕನಕಪುರ ದಾಟಿ ಸಂಗಮದ ಹಾದಿ ಹಿಡಿದರೆ ಸಾಕು, ಅರ್ಧ ದಾರಿಯಲ್ಲೇ ನನ್ನ ಅಂಗೈ ತುರಿಸತೊಡಗುತ್ತದೆ. ಹುಟ್ಟು ಹಿಡಿಯುವ ಆಸೆ ಅದು. ನಂದಿಬೆಟ್ಟದ ಕಡೆಯಿಂದ ರಾಮನಗರ, ಕನಕಪುರ ಹಾದು ಬರುವ ಅರ್ಕಾವತಿ ಅಲ್ಲಿ ಕಾವೇರಿಯ ಮಡಿಲು ಸೇರುತ್ತಾಳೆ. ಮೇಕೆದಾಟು ನೋಡಲು ಬಂದವರು ಬೇಸಿಗೆಯಲ್ಲಿ ಅರ್ಕಾವತಿಗಿಳಿದು ನಡೆದೇ ಆಚೆ ದಡ ಸೇರುತ್ತಾರೆ. ನೀರು ಹೆಚ್ಚಿದ್ದರೆ ಹರಿಗೋಲು ಹತ್ತುತ್ತಾರೆ. ತೆಪ್ಪ ಎಂದರೂ ಅದೇ. ಅವರಿಗೆ ಅದು ಕೆಲವು ನಿಮಿಷಗಳ ದಾರಿ. ನನಗೆ ಅದೇ ಊರಹಬ್ಬ.

ಹರಿಗೋಲನ್ನು ಹತ್ತಿರದಿಂದ ನೋಡಬೇಕು. ಬಿದಿರಿನ ಸೀಳುಗಳನ್ನು ನಕ್ಷತ್ರದ ಹಾಗೆ ನೆಲದ ಮೇಲೆ ಹರಡಿ, ಒಂದರೊಳಗೊಂದು ಹೆಣೆದು, ಮೇಲಕ್ಕೆ ಬಾಗಿಸಿ, ಅಂಚನ್ನು ಸುತ್ತಲೂ ಬಿಗಿದು ಕಟ್ಟುತ್ತಾರೆ. ದೊಡ್ಡ ಮಂಕರಿಯೇ ಸರಿ. ಹಿಂದೆ ಹೊರಮೈಗೆ ಚರ್ಮ ಹೊದಿಸುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಚೀಲದ ಹೊದಿಕೆ, ಅದರ ಮೇಲೆ ಡಾಂಬರು ಬಂತು; ಈಗೀಗ ಫೈಬರ್ ಹರಿಗೋಲೂ ಬಂದಿದೆ. ಬಿಸಿಲಿಗೆ ಕಾದ ಡಾಂಬರಿನ ವಾಸನೆ, ಕಾಲಡಿಯ ಬಿದಿರು ಕಿರುಗುಟ್ಟುವ ಸದ್ದು, ಒಂದು ಬೆರಳಿನಷ್ಟೇ ದಪ್ಪದ ತಳದ ಕೆಳಗೆ ನದಿ ಉಸಿರಾಡುವುದು ಪಾದಕ್ಕೆ ತಿಳಿಯುವುದು: ಈ ಮೂರೂ ಒಟ್ಟಿಗೆ ಸಿಕ್ಕ ದಿನ ನನಗೆ ಬೇರೇನೂ ಬೇಡ.

ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಒಂದೇ ಪಕ್ಕ ಹುಟ್ಟು ಹಾಕಿದರೆ ನಿಂತಲ್ಲೇ ಬುಗುರಿಯಾಗುತ್ತದೆ. ನನಗೆ ಕಲಿಸಿದ ಅಂಬಿಗ ತಾತ, ‘ನೀರನ್ನ ಹಿಂದಕ್ಕೆ ತಳ್ಳಬ್ಯಾಡ ಕಣಪ್ಪ, ಮುಂದ್ಲಿಂದ ಎದೆಗೆ ಕರ್ಕೋ’ ಎನ್ನುತ್ತಿದ್ದರು. ಹುಟ್ಟನ್ನು ಮುಂದೆ ಚಾಚಿ ಊರಿ, ತನ್ನತ್ತ ಎಳೆದುಕೊಳ್ಳಬೇಕು; ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಎರಡೂ ತೂಕ ಸಮವಾದಾಗ ಹರಿಗೋಲು ಬಾತುಕೋಳಿಯಂತೆ ನೆಟ್ಟಗೆ ಸಾಗುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ತುಂಗಭದ್ರೆಯಲ್ಲಿ ಹದಿನೈದು ಇಪ್ಪತ್ತು ಜನರನ್ನು ಹೊರುವ, ಚರ್ಮ ಹೊದಿಸಿದ ಬುಟ್ಟಿದೋಣಿಗಳನ್ನು ಕಂಡು ಬರೆದಿದ್ದಾನೆ. ಅವು ಸುತ್ತುತ್ತಲೇ ಸಾಗುತ್ತಿದ್ದುದನ್ನು ಅವನೂ ಗಮನಿಸಿದ್ದ.

ಕಳೆದ ಸಲ ನನ್ನ ಜೊತೆ ಅಕ್ಕನ ಮಗ ಇದ್ದ. ಅವನು ಗ್ರೀಸಿನ ಕಡಲಲ್ಲಿ ಒಂದು ಹಾಯಿದೋಣಿಯನ್ನೇ ಮನೆ ಮಾಡಿಕೊಂಡವನು. ಅಡುಗೆ, ನಿದ್ದೆ, ಕೆಲಸ ಎಲ್ಲ ಅದರಲ್ಲೇ. ‘ಇಷ್ಟು ಬೇಗ ಯಾಕೋ ಬಂದೆ?’ ಎಂದೆ. ‘ದಿನ ಮುಗಿದ್ವು ಮಾವ’ ಎಂದ.

ಅವನು ವಿವರಿಸಿದ ಮೇಲೆಯೇ ನನಗೆ ತಿಳಿದದ್ದು. ಗ್ರೀಸ್ ಸೇರಿದಂತೆ ಯುರೋಪಿನ ಷೆಂಗೆನ್ ಒಪ್ಪಂದದ ದೇಶಗಳಲ್ಲಿ ಅವನಂಥ ಹೊರಗಿನವರು ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಬಂದ ದಿನವೂ ಲೆಕ್ಕಕ್ಕೆ, ಹೊರಟ ದಿನವೂ ಲೆಕ್ಕಕ್ಕೆ. ಪ್ರತಿದಿನ ಬೆಳಗ್ಗೆ ಹಿಂದಿನ 180 ದಿನ ತಿರುಗಿ ಎಣಿಸಬೇಕು. ಹೊರದೇಶದ ದೋಣಿಗೆ ಬೇರೆಯೇ ಲೆಕ್ಕ: ಸುಂಕ ಕಟ್ಟದೆ 18 ತಿಂಗಳು ಐರೋಪ್ಯ ಒಕ್ಕೂಟದ ನೀರಿನಲ್ಲಿ ಇರಬಹುದು. ‘ನನ್ನ ದೋಣಿಗಿರೋ ಅವಕಾಶ ನನಗಿಲ್ಲ ಮಾವ’ ಎಂದ. ಕಣ್ಣಳತೆಯಲ್ಲೇ ಇರುವ ಟರ್ಕಿಯ ದಡಕ್ಕೆ ಹೋದರೂ ಹಳದಿ ಬಾವುಟ ಏರಿಸಿ, ಅಧಿಕಾರಿಗಳು ಕಾಗದ ನೋಡಿ ಒಪ್ಪುವ ತನಕ ಕಾಯಬೇಕಂತೆ. ದಿನ ಮುಗಿದಾಗ ದೋಣಿಯನ್ನು ಕ್ರೇನಿನಿಂದ ಎತ್ತಿಸಿ, ನೆಲದ ಮೇಲೆ ಊರುಗೋಲು ಕೊಟ್ಟು ನಿಲ್ಲಿಸಿ, ಬೀಗ ಹಾಕಿ ಬಂದಿದ್ದ. ಅದನ್ನು ಹೇಳುವಾಗ ಅವನ ಮುಖ ನೋಡಿದೆ. ಕರುವನ್ನು ಯಾರದೋ ಕೊಟ್ಟಿಗೆಯಲ್ಲಿ ಬಿಟ್ಟುಬಂದವನ ಮುಖ ಅದು.

ನಮ್ಮ ನೀರಿಗೂ ಗೆರೆಗಳಿವೆ. ಸಂಗಮದಲ್ಲಿ ಕಾವೇರಿಯ ಆಚೆ ದಡ ಚಾಮರಾಜನಗರ ಜಿಲ್ಲೆ. ಮೇಕೆದಾಟು ದಾಟಿ ಇನ್ನೂ ಕೆಳಕ್ಕೆ ಹೋದರೆ, ಹೊಗೇನಕಲ್ಲಿನ ತನಕ ಕಾವೇರಿಯೇ ಎರಡು ರಾಜ್ಯಗಳ ಗಡಿ. ನಮ್ಮ ಹರಿಗೋಲು ಅಲ್ಲಿನ ತಮಿಳರ ಬಾಯಲ್ಲಿ ಪರಿಸಲ್. ಸಂಗಮದ ಎರಡೂ ದಡದ ಕಾಡು 1987ರಿಂದ ಕಾವೇರಿ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದರೊಳಗೆ ಹೋಗಲು, ತಂಗಲು ಅನುಮತಿ ಬೇಕು. ಒಮ್ಮೆ ಹುಣ್ಣಿಮೆಯ ರಾತ್ರಿ ಮರಳದಿಣ್ಣೆಯಲ್ಲಿ ಕಳೆಯಬೇಕೆಂಬ ಆಸೆ ಹೇಳಿದಾಗ ಅರಣ್ಯ ಕಾವಲುಗಾರರೊಬ್ಬರು, ‘ರಾತ್ರಿ ನೀರು ಆನೇದು ಸಾರ್’ ಎಂದರು. ಆ ಮಾತನ್ನು ನಾನು ಮನಸಾರೆ ಒಪ್ಪಿದ್ದೇನೆ. ನೀರುನಾಯಿ, ಮೊಸಳೆ, ಆನೆ, ಹೊಳೆಮತ್ತಿಯ ಮೇಲಿನ ಬೂದು ದೊಡ್ಡ ಅಳಿಲು ಅಲ್ಲಿನ ಕಾಯಂ ನಿವಾಸಿಗಳು. ನಾವು ಹಗಲಿನ ನೆಂಟರು.

ಅಕ್ಕನ ಮಗ ಜೊತೆಗಿದ್ದ ಆ ದಿನ ಹರಿವಿನ ಜೊತೆ ಒಂದಷ್ಟು ದೂರ ತೇಲಿ ದಡ ಮುಟ್ಟಿದೆವು. ಇಳಿದ ಮೇಲೆ ಅಂಬಿಗ ಹರಿಗೋಲನ್ನು ಕೊಡವಿ, ಮಗುಚಿ, ಬೆನ್ನಿಗೇರಿಸಿಕೊಂಡು ಬಂಡೆಗಳ ಮೇಲೆ ಹೆಜ್ಜೆ ಹಾಕತೊಡಗಿದ. ಹಿಂದಿನಿಂದ ನೋಡಿದರೆ ದೊಡ್ಡ ಆಮೆಯೊಂದು ಎದ್ದು ನಡೆದಂತೆ. ರಭಸದ ನೀರಿಗೆ ಎದುರಾಗಿ ಹರಿಗೋಲು ಹೋಗದು. ಇಳಿಯುವಾಗ ಅದು ನಮ್ಮನ್ನು ಹೊರುತ್ತದೆ, ಏರುವಾಗ ನಾವು ಅದನ್ನು ಹೊರಬೇಕು. ಎರಡು ಸಾವಿರದ ನಾನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿಟ್ಟ ಬ್ಯಾಬಿಲೋನಿನ ಕಥೆಯೂ ಇದೇ. ವರ್ತಕರು ದುಂಡುದೋಣಿಯಲ್ಲಿ ಸರಕಿನ ಜೊತೆ ಒಂದು ಕತ್ತೆಯನ್ನೂ ತರುತ್ತಿದ್ದರು. ಊರು ಸೇರಿದ ಮೇಲೆ ದೋಣಿಯ ಕಟ್ಟು ಮಾರಿ, ಚರ್ಮವನ್ನು ಕತ್ತೆಯ ಬೆನ್ನಿಗೇರಿಸಿ ನೆಲದ ಹಾದಿಯಲ್ಲಿ ಮರಳುತ್ತಿದ್ದರು.

ಅಕ್ಕನ ಮಗ ಬ್ಯಾಗಿನಲ್ಲಿ ಸದಾ ಒಂದು ದಪ್ಪ ಕಡತ ಇಟ್ಟುಕೊಂಡಿರುತ್ತಾನೆ. ದೋಣಿಯ ನೋಂದಣಿ, ವಿಮೆ, ವೀಸಾ, ಬಂದರುಗಳ ಮೊಹರು. ಅಂಬಿಗನ ಬೆನ್ನನ್ನೇ ನೋಡುತ್ತಿದ್ದವನು ಆ ಕಡತ ತಟ್ಟಿ, ‘ನಾನು ಹೊರೋದು ಇದನ್ನ ಮಾವ’ ಎಂದ. ಆಮೇಲೆ ಓಡಿಹೋಗಿ ಹರಿಗೋಲಿನ ಇನ್ನೊಂದು ಅಂಚಿಗೆ ಹೆಗಲು ಕೊಟ್ಟ. ನನ್ನ ಕಣ್ಣು ತುಂಬಿತು.

ನೀವೂ ಸಂಗಮಕ್ಕೆ ಬನ್ನಿ. ಜೀವರಕ್ಷಕ ಜಾಕೆಟ್ ತೊಡಿ. ಹೊಳೆ ಏರಿದೆ, ಇವತ್ತು ಬೇಡ ಎಂದು ಅಂಬಿಗ ಹೇಳಿದರೆ ಮರುಮಾತಾಡಬೇಡಿ. ದಡ ಸೇರಿದ ಮೇಲೆ ಕಾಸು ಕೊಟ್ಟು ಹೊರಟುಬಿಡಬೇಡಿ. ನಿಮ್ಮನ್ನು ಹೊತ್ತು ತಂದ ಹರಿಗೋಲನ್ನು ಹತ್ತು ಹೆಜ್ಜೆಯಾದರೂ ಹೊತ್ತು ನಡೆಯಿರಿ.