ಲಿಫ್ಟಿನವರೆಗೆ ಒಂದೇ ದಾರಿ

ನಮ್ಮ ಕಾಲದಲ್ಲಿ ಶಾಲೆ ಸೇರಲು ಬೇಕಿದ್ದ ಅರ್ಹತೆ ಇಷ್ಟೇ: ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಹುಟ್ಟಿದ ತಾರೀಖನ್ನು ಮೇಷ್ಟ್ರೇ ದಯಪಾಲಿಸುತ್ತಿದ್ದರು. ನಮ್ಮ ತರಗತಿಯ ಅರ್ಧ ಜನ ಜೂನ್ ಒಂದರಂದೇ ಹುಟ್ಟಿದವರು. ಯಾವ ಶಾಲೆ ಎಂಬ ಪ್ರಶ್ನೆ ಏಳುತ್ತಿರಲಿಲ್ಲ, ಊರಲ್ಲಿ ಇದ್ದದ್ದೇ ಒಂದು.

ನ್ಯೂಯಾರ್ಕಿನಲ್ಲಿ ಮೊಮ್ಮಗನನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸುವಾಗ ಅವನ ಕಿವಿಯನ್ನು ಯಾರೂ ವಿಚಾರಿಸಲಿಲ್ಲ. ಪರೀಕ್ಷೆಯೆಲ್ಲ ಅಪ್ಪ-ಅಮ್ಮನಿಗೆ. ಆನ್‌ಲೈನ್ ಅರ್ಜಿಯಲ್ಲಿ 12 ಶಾಲೆಗಳವರೆಗೆ ಇಷ್ಟದ ಕ್ರಮದಲ್ಲಿ ಬರೆಯಬಹುದು. ಅರ್ಜಿ ಹಾಕಿದ ಪ್ರತಿ ಮಗುವಿಗೂ ನಗರದ ಶಿಕ್ಷಣ ಇಲಾಖೆ ಒಂದು ಸಂಖ್ಯೆ ಕೊಡುತ್ತದೆ: 32 ಅಕ್ಷರ ಉದ್ದ, ಸೊನ್ನೆಯಿಂದ ಒಂಬತ್ತು, ಆಮೇಲೆ ಎ-ಯಿಂದ ಎಫ್. ಸೀಟು ಕಡಿಮೆ ಬಿದ್ದಾಗ, ಸಮಾನ ಆದ್ಯತೆಯ ಮಕ್ಕಳ ನಡುವೆ ಅದೇ ತೀರ್ಪು. ಸೊನ್ನೆಯಿಂದ ಶುರುವಾದರೆ ಗುರುಬಲ, ಎಫ್ ಬಂದರೆ ಸಾಡೇಸಾತಿ. ಮದುವೆಯಲ್ಲೂ ಜಾತಕ ತೋರಿಸದ ಅಳಿಯ ಅಂದು ರಾತ್ರಿ ಲ್ಯಾಪ್‌ಟಾಪಿನ ಮುಂದೆ ಕೈಜೋಡಿಸಿ ಕೂತಿದ್ದ. ಬಂದದ್ದು ‘ಡಿ’. ಕೊನೆಗೆ ಸಿಕ್ಕಿದ್ದು ಮನೆಯ ಹಿಂದಿನ ರಸ್ತೆಯ ಪಬ್ಲಿಕ್ ಶಾಲೆ. ಅದು ನಮ್ಮ ಸರಹದ್ದಿನದೇ. ಉಳಿದ ಶಾಲೆಗಳ ಅಧ್ಯಯನವೆಲ್ಲ ಜ್ಞಾನಾರ್ಜನೆಯ ಖಾತೆಗೆ ಹೋಯಿತು.

ಎದುರುಮನೆಯ ಹುಡುಗಿಗೆ ಲಾಟರಿಯಲ್ಲಿ ಚಾರ್ಟರ್ ಶಾಲೆ ಬಂತು. ದುಡ್ಡು ಸರ್ಕಾರದ್ದು, ಆಡಳಿತ ಬೇರೊಂದು ಮಂಡಳಿಯದು, ಫೀಸಿಲ್ಲ. ನಮ್ಮ ಅನುದಾನಿತ ಶಾಲೆಯ ದಾಯಾದಿ ಅಂದುಕೊಂಡೆ. ನ್ಯೂಯಾರ್ಕ್ ರಾಜ್ಯ ಇವಕ್ಕೆ ಕಾನೂನು ಮಾಡಿದ್ದು 1998ರಲ್ಲಿ. ಎಷ್ಟೋ ಕಡೆ ಇವು ಪಬ್ಲಿಕ್ ಶಾಲೆಯ ಕಟ್ಟಡದಲ್ಲೇ ಬಿಡಾರ ಹೂಡಿವೆ. ಒಂದೇ ಸೂರಿನಡಿ ಎರಡು ಶಾಲೆ, ಎರಡು ಹೆಸರು. ಊಟದ ಹಾಲಿಗೆ, ಜಿಮ್ಮಿಗೆ ಸರದಿ. ಪಾಲಾದ ಅಣ್ಣತಮ್ಮಂದಿರು ಹಜಾರ ಹಂಚಿಕೊಂಡಂತೆ.

ಮೂಲೆಮನೆಯ ಹುಡುಗ ಹೋಗುವುದು ಮ್ಯಾನ್‌ಹಟನ್‌ನ ಖಾಸಗಿ ಶಾಲೆಗೆ. ಅಲ್ಲಿನ ಹೆಸರಾಂತ ಶಾಲೆಗಳ ವಾರ್ಷಿಕ ಫೀಸು 60,000 ಡಾಲರ್ ದಾಟಿದೆ. ರೂಪಾಯಿಗೆ ಗುಣಿಸಿದ ರಾತ್ರಿ ನನಗೆ ಊಟ ಸೇರಲಿಲ್ಲ. ನನ್ನ ಇಡೀ ಸರ್ವೀಸಿನ ಸಂಬಳ ಸುರಿದರೂ ಯುಕೆಜಿ ಮುಗಿಯುತ್ತಿರಲಿಲ್ಲ.

ಬೆಳಿಗ್ಗೆ ಮೂವರೂ ಒಂದೇ ಲಿಫ್ಟಿನಲ್ಲಿ ಇಳಿಯುತ್ತಾರೆ. ಶೂ ಲೇಸು ಬಿಚ್ಚಿಕೊಂಡವನಿಗೆ ಮತ್ತೊಬ್ಬಳು ಗಂಟು ಹಾಕುತ್ತಾಳೆ. ಬಾಗಿಲು ತೆರೆದರೆ ಮೂರು ದಿಕ್ಕು. ಒಬ್ಬರ ಮೇಷ್ಟ್ರ ಅಡ್ಡಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ. ನಮ್ಮೂರಲ್ಲಿ ಒಂದೇ ಮೇಷ್ಟ್ರ ಕೈಲಿ ಪೆಟ್ಟು ತಿಂದ ಶ್ಯಾನುಭೋಗರ ಮಗ, ಕುಂಬಾರರ ಮಗ ಅರವತ್ತು ದಾಟಿದ ಮೇಲೂ ಆ ಪೆಟ್ಟಿನ ನೆಂಟಸ್ತನ ಉಳಿಸಿಕೊಂಡಿದ್ದಾರೆ. ಇಷ್ಟಪಟ್ಟು ಆರಿಸಿಕೊಳ್ಳುವ ಹಕ್ಕು ದೊಡ್ಡದೇ, ಅಲ್ಲಗಳೆಯಲಾರೆ. ಆದರೆ ಇಂಥ ನೆಂಟಸ್ತನ ಅರ್ಜಿಯ ಯಾವ ಕಾಲಮ್ಮಿನಲ್ಲೂ ಇಲ್ಲ.

2023ರ ಕಾನೂನಿನಂತೆ ಇಲ್ಲಿನ ಪಬ್ಲಿಕ್ ಶಾಲೆಗಳಿಗೆ ದೀಪಾವಳಿ ರಜೆ ಬಂದಿದೆ. 2024ರಲ್ಲಿ ಅದು ಬಿದ್ದದ್ದು ನವೆಂಬರ್ 1ಕ್ಕೆ. ಮೊಮ್ಮಗನಿಗೆ ರಜೆ, ಮೂಲೆಮನೆಯವನಿಗೂ ರಜೆ, ಚಾರ್ಟರ್ ಹುಡುಗಿಯ ಶಾಲೆಯ ಪಂಚಾಂಗವೇ ಬೇರೆ. ಸಂಜೆ ಅವಳು ಯೂನಿಫಾರ್ಮಿನಲ್ಲೇ ಬಂದು ಚಕ್ಕುಲಿ ಡಬ್ಬಕ್ಕೆ ಕೈಹಾಕಿದಳು. ಅಪ್ಪ-ಅಮ್ಮಂದಿರು ಅಡುಗೆಮನೆಯಲ್ಲಿ ನಿಂತು ಯಾವ ಶಾಲೆ ಮೇಲು ಎಂಬ ಚರ್ಚೆ ಎತ್ತಿದ್ದರು. ನಾನು ಹಾಲಿನಲ್ಲಿ ಮೂವರನ್ನೂ ಸಾಲಾಗಿ ನಿಲ್ಲಿಸಿ ನಾಡಗೀತೆಗೆ ತಾಳ ಹಾಕಿಸಿದೆ. ನ್ಯೂಯಾರ್ಕ್ ನಗರ ತನಗರಿಯದೆಯೇ ರಾಜ್ಯೋತ್ಸವಕ್ಕೆ ರಜೆ ಕೊಟ್ಟಿರುವಾಗ ನಾನು ಸುಮ್ಮನಿರುವುದು ಹೇಗೆ?